ಅಂಚೆಯಣ್ಣ ಪಾರ್ಸೆಲ್ ಮುಟ್ಟದ ದಿನ

ಶ್ರೀನಗರದ ನಮ್ಮ ಓಣಿಯಲ್ಲಿ ಆ ವರ್ಷದ ಮೊದಲ ಹಿಮ ಬಿತ್ತು ಎಂದರೆ ತಪ್ಪಾಗುತ್ತದೆ, ಕುಸಿಯಿತು. ಬೆಳಗಾಗುವಷ್ಟರಲ್ಲಿ ಅಂಗಳದ ಗೋಡೆ ಕಾಣೆಯಾಗಿತ್ತು, ಬಾಗಿಲು ಅರ್ಧ ಹೂತಿತ್ತು, ಕರೆಂಟು ಹೋಗಿತ್ತು. ಎಲ್ಲರೂ ದೇವರನ್ನು ನೆನೆಯುತ್ತಿದ್ದರೆ, ನಿವೃತ್ತ ಅಂಚೆಯಣ್ಣ ಸನಾವುಲ್ಲಾ ತನ್ನ ಹುಂಜವನ್ನು ನೆನೆಯುತ್ತಿದ್ದ.

ಮೊದಲ ಹಿಮದ ದಿನ ನಮ್ಮಲ್ಲೊಂದು ಪಂದ್ಯ. ಒಂದು ಹಿಡಿ ಹಿಮವನ್ನು ಯಾವುದರಲ್ಲಾದರೂ ಅಡಗಿಸಿ ಕೊಟ್ಟು, 'ಹೊಸ ಹಿಮ ಮುಬಾರಕ್' ಅನ್ನುವುದು. ತಿಳಿಯದೆ ಕೈಗೆ ತೆಗೆದುಕೊಂಡವನು ಸೋತ, ಗೆದ್ದವರು ಕೇಳಿದ ಊಟ ಹಾಕಿಸಬೇಕು. ಹಿಂದಿನ ವರ್ಷ ಸನಾವುಲ್ಲಾ ಒಂದೇ ದಿನ ಮೂರು ಸಲ ಸೋತು ಮೂರು ಕೋಳಿ ಕಳೆದುಕೊಂಡಿದ್ದ. ಉಳಿದವನು ಸುಲ್ತಾನ್ ಒಬ್ಬನೇ. ಮೊಮ್ಮಗನಿಗಿಂತ ಒಂದು ಕೈ ಹೆಚ್ಚೇ ಮುದ್ದಾಗಿ ಬೆಳೆದ ಹುಂಜ.

"ಇವತ್ತು ಯಾರು ಏನೇ ಕೊಟ್ರೂ ಮುಟ್ಟಬಾರದು," ಎಂದು ಹೆಂಡತಿ ಝೂನಾಳಿಗೆ ತಾಕೀತು ಮಾಡಿದ.

"ಮನೇಲಿ ಹಿಟ್ಟಿಲ್ಲ ರೀ. ಇದ್ದಿಲೂ ಮುಗೀತು."

"ಸುಲ್ತಾನ್ ಕ್ಷೇಮವಾಗಿದಾನಲ್ಲ, ಅಷ್ಟು ಸಾಕು."

ಅಷ್ಟರಲ್ಲಿ ರೊಟ್ಟಿ ಅಂಗಡಿಯ ಹಬೀಬ್ ಸೊಂಟದವರೆಗಿನ ಹಿಮದಲ್ಲಿ ಈಜುತ್ತ ಬಂದು ಕಿಟಕಿಗೆ ಬಟ್ಟೆಯ ಗಂಟು ಚಾಚಿದ. "ಬಿಸಿ ರೊಟ್ಟಿ ಸಾಹೇಬ್ರೆ, ತಗೊಳ್ಳಿ."

"ಬಿಚ್ಚಿ ತೋರ್ಸು."

"ಬಿಚ್ಚಿದ್ರೆ ತಣ್ಣಗಾಗುತ್ತೆ!"

"ಈಗಾಗ್ಲೇ ತಣ್ಣಗಿರೋದಕ್ಕೇ ಬಿಚ್ತಿಲ್ಲ," ಎಂದು ಸನಾವುಲ್ಲಾ ಕಿಟಕಿ ಹಾಕಿಕೊಂಡ. ಮೂವತ್ತು ವರ್ಷ ಊರಿಗೆ ಪಾರ್ಸೆಲ್ ಹಂಚಿದವನು.

ಆಮೇಲೆ ಪಕ್ಕದ ಮನೆಯ ಫಾತಾ ಅಜ್ಜಿ ಬಂದಳು. ಎಂಬತ್ತು ವರ್ಷದ ಜೀವ, ಮೈ ಕಾಯಿಸಿಕೊಳ್ಳುವ ನಿಗಿನಿಗಿ ಕೆಂಡದ ಕಾಂಗ್ರಿ ಬುಟ್ಟಿ ಹಿಡಿದು.

"ಬೂದಿ ಕೆಳಗೆ ಏನಿದೆ ಅಜ್ಜಿ?"

"ಕೆಂಡದ ಕೆಳಗೆ ಹಿಮ ಇಟ್ಕೊಂಡು ಬರೋಕೆ ನಾನೇನು ಜಾದೂಗಾರ್ತಿಯೇನೋ, ಮೂದೇವಿ!"

ಸನಾವುಲ್ಲಾ ಬಾಗಿಲನ್ನೂ ಹಾಕಿಕೊಂಡ. ಝೂನಾ ಎರಡು ಕಂಬಳಿಯೊಳಗಿಂದ ಗಂಡನನ್ನು ನೋಡಿದಳು.

ಮಧ್ಯಾಹ್ನ ಮಾಡು ಕಿರುಗುಟ್ಟಿತು. ಹಿಮ ಇಳಿಸದಿದ್ದರೆ ಮನೆಯೇ ಇಳಿಯುವಂತಿತ್ತು. ಹಬೀಬ್ ಮತ್ತೆ ಬಂದು ಸಲಿಕೆ ಕೊಡಲು ಹೋದರೆ ಅದೂ ಬೇಡವಾಯಿತು. ಸನಾವುಲ್ಲಾ ಊಟದ ದೊಡ್ಡ ತಾಮ್ರದ ತಟ್ಟೆ ಹಿಡಿದು ಮಾಡು ಹತ್ತಿದ. ಎರಡು ತಟ್ಟೆ ಹಿಮ ಕೆಳಗೆ ಬಿತ್ತು. ಮೂರನೆಯದರ ಜೊತೆ ತಾನೇ ಜಾರಿ, ರಿಜಿಸ್ಟರ್ಡ್ ಟಪಾಲಿನಂತೆ ನೇರ ಅಂಗಳಕ್ಕೆ ಬಟವಾಡೆಯಾದ. ಹಿಂದೆಯೇ ಮಾಡಿನ ಹಿಮವೆಲ್ಲ ಮೈಮೇಲೆ. ಮೇಲೆ ಕಂಡದ್ದು ಮೂಗು ಮತ್ತು ಸ್ಟಾಂಪು ಅಂಟಿಸಿದಂತೆ ಟೋಪಿ.

ಝೂನಾ ಕೂಗಿಕೊಂಡಳು. ಓಣಿಯೇ ಓಡಿಬಂತು. ಕೈ ಬಿಡಿಸುವಷ್ಟು ತೋಡಿ ಹಬೀಬ್ ಸಲಿಕೆ ಚಾಚಿದ.

"ಹಿಡ್ಕೊಳ್ಳಿ ಸಾಹೇಬ್ರೆ!"

ಸನಾವುಲ್ಲಾ ನೀಲಿ ತುಟಿಯಲ್ಲಿ ಕೇಳಿದ: "ಸಲಿಕೇಲಿ... ಹಿಮ ಅಂಟಿದೆಯಲ್ಲ?"

"ಹಿಡ್ಕೊಳ್ಳೋ, ಇಲ್ದಿದ್ರೆ ನಾನೇ ಮೇಲೊಂದು ಬುಟ್ಟಿ ಸುರೀತೀನಿ!" ಎಂದಳು ಅಜ್ಜಿ.

ಹಿಡಿದುಕೊಂಡ. ಎಳೆದರು.

ಒಳಗೆ ಅಜ್ಜಿಯ ಕಾಂಗ್ರಿ ಅವನ ನಿಲುವಂಗಿಯೊಳಗೆ ಸೇರಿತು, ಹಬೀಬನ ರೊಟ್ಟಿ ಉಪ್ಪು ಚಹಾದೊಳಗೆ. ರೊಟ್ಟಿಯಲ್ಲಿ ರೊಟ್ಟಿಯೇ ಇತ್ತು.

"ಹಾಗಾದ್ರೆ ಯಾರೂ ಪಂದ್ಯ ಆಡ್ತಾನೇ ಇರಲಿಲ್ವಾ?"

"ಇಂಥ ಹಿಮದಲ್ಲಿ ಪಂದ್ಯದ ನೆನಪು ಯಾರಿಗಿರುತ್ತೆ ಸಾಹೇಬ್ರೆ? ನಿಮ್ಮನೆ ಹೊಗೆಗೂಡಲ್ಲಿ ಹೊಗೆ ಕಾಣ್ಲಿಲ್ಲ, ಅದಕ್ಕೇ ಬಂದ್ವಿ."

ಸನಾವುಲ್ಲಾ ಚಹಾದ ಬಟ್ಟಲು ಕೆಳಗಿಟ್ಟ. ಬಾಗಿಲು ಹಾಕಿಸಿಕೊಂಡವರೇ ಮತ್ತೆ ಬಂದು ತೋಡಿ ತೆಗೆದಿದ್ದರು. ಕಣ್ಣೊರೆಸಿಕೊಂಡು ಎದ್ದು ನಿಂತ. "ಸೋತು ಹಾಕೋ ಊಟ ಅಲ್ಲ ಇದು. ಸಂತೋಷದಿಂದ ಹಾಕ್ತೀನಿ. ಇವತ್ತು ಸುಲ್ತಾನ್ ಇಡೀ ಓಣಿಗೆ!"

ಎಲ್ಲರೂ ಬೇಡವೆಂದರು, ಯಾರೂ ಎದ್ದು ಹೋಗಲಿಲ್ಲ.

ಝೂನಾ ಒಳಗಿನಿಂದ ಬಾಯಿಗೆ ಬಟ್ಟೆ ಕಟ್ಟಿದ ಪುಟ್ಟ ಕುಡಿಕೆ ತಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. "ಬದುಕಿ ಬಂದ್ರಲ್ಲ, ಅಷ್ಟೇ ಸಾಕು. ತಗೊಳ್ಳಿ, ಸಾರಿಗೆ ಕೇಸರಿ. ನಿಮ್ಮ ಕೈಯಾರೆ ಹಾಕಿ."

ಸನಾವುಲ್ಲಾ ಎರಡೂ ಕೈಯಲ್ಲಿ ಪಡೆದು ಕಣ್ಣಿಗೊತ್ತಿಕೊಂಡ. ಕಣ್ಣು ಜುಮ್ಮೆಂದಿತು. ಬಟ್ಟೆ ಬಿಚ್ಚಿದ.

"ಹೊಸ ಹಿಮ ಮುಬಾರಕ್ ರೀ," ಎಂದಳು ಝೂನಾ. "ಹುಂಜ ಓಣಿಗಾಯ್ತು. ನನಗೆ ಕುರಿ."