ಕೊನೆಯ ಸಾಲಿನ ಕೊಡೆ

ನಮ್ಮ ಸೋದರಮಾವನ ಗಂಟಲಿನಲ್ಲಿ ಇಬ್ಬರು ವಾಸವಾಗಿದ್ದಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಮಾತಾಡುವಾಗ ಒಬ್ಬ ಗಂಡಸು, ಹಾಡುವಾಗ ಒಬ್ಬ ಹೆಂಗಸು. ಇಬ್ಬರಿಗೂ ಪರಸ್ಪರ ಪರಿಚಯವೇ ಇದ್ದಂತಿಲ್ಲ! ಗಂಡಸಿನ ದನಿಯನ್ನು ಬನಶಂಕರಿ ಕಡೆಯವರೆಲ್ಲ ಕೇಳಿದ್ದಾರೆ. ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರು "ಒಳಗಡೆ ಹೋಗ್ರೀ" ಎಂದರೆ ಬಸ್ಸಿನಲ್ಲಿದ್ದವರಿರಲಿ, ಸ್ಟಾಪಿನಲ್ಲಿ ನಿಂತವರೂ ಎರಡು ಹೆಜ್ಜೆ ಸರಿಯುತ್ತಿದ್ದರು.

ಹೆಂಗಸಿನ ದನಿ ಮಾತ್ರ ಬಚ್ಚಲುಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಅವರ ಮದುವೆ. ಉರುಟಣೆಯಲ್ಲಿ ಗಂಡುಹೆಣ್ಣನ್ನು ಎದುರುಬದುರು ಕೂರಿಸಿ ಹಾಡು ಹೇಳಿಸುತ್ತಾರಲ್ಲ, ಆಗ ಮಾವ ಮನಸ್ಸು ಬಿಚ್ಚಿ ಒಂದು ದೇವರನಾಮ ಹಾಡಿದರಂತೆ. ದಪ್ಪ ಮೀಸೆಯ ಕೆಳಗಿನಿಂದ ಕೋಗಿಲೆ ಕೂಗಿದರೆ ಹೇಗಿರಬೇಡ? ಯಾರೋ ಕಿಸಕ್ಕೆಂದರು. ಅಷ್ಟೇ, ಇಡೀ ಛತ್ರ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಮಾವ ನಾಲ್ಕು ಜನರೆದುರು ಹಾಡಲೇ ಇಲ್ಲ.

ನಿವೃತ್ತಿಯಾದ ಮೇಲೆ ಒಂದು ದಿನ ಮೊಬೈಲಿನಲ್ಲಿ ಅವರಿಗೊಂದು ವಿಡಿಯೋ ಸಿಕ್ಕಿತು. ಯಾವುದೋ ದೇಶದ ದೊಡ್ಡ ಒಪೆರಾ ಮಂದಿರ. ಐದು ಅಂತಸ್ತಿನ ತುಂಬ ಜನ. ಗಡ್ಡದ ಗಂಡಸೊಬ್ಬ ಮೈಕಿಲ್ಲದೆ ಹೆಂಗಸಿನ ಶ್ರುತಿಯಲ್ಲಿ ಹಾಡುತ್ತಿದ್ದಾನೆ. ಯಾರೂ ನಗುತ್ತಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ! ಮಾವ ಚಪ್ಪಲಿಯನ್ನೂ ಮೆಟ್ಟದೆ ಜಯನಗರದ ನಮ್ಮ ಮನೆಗೆ ಓಡಿಬಂದರು.

"ಲೋ, ನಮ್ಮಂಥೋರಿಗೆ ಒಂದು ಹೆಸರೇ ಇದೆ ಕಣೋ! ಕೌಂಟರ್‌ಟೆನರ್ ಅಂತಾರೆ!"

ಡಾಕ್ಟರಿಂದ ಡಾಕ್ಟರಿಗೆ ಅಲೆದು ಕೊನೆಗೂ ತನ್ನ ಕಾಯಿಲೆಯ ಹೆಸರು ತಿಳಿದ ರೋಗಿಯಷ್ಟು ಸಂತೋಷ ಅವರಿಗೆ.

ಅಲ್ಲಿಂದ ಶುರುವಾಯಿತು ಸಾಧನೆ. "ಕಿರುಚಿದ್ರೆ ದನಿ ಮೂರನೇ ಸಾಲಿಗೇ ಸತ್ತೋಗತ್ತೆ. ಉಸಿರು ಹೊಟ್ಟೆಯಿಂದ ಬರ್ಬೇಕು, ನಾದ ಹುಬ್ಬಿನ ಮಧ್ಯೆ ಗುಂಯ್ ಅನ್ಬೇಕು. ಆಮೇಲೆ ಅದು ತಾನೇ ಹೋಗಿ ಕೊನೇ ಸೀಟಲ್ಲಿ ಕೂತ್ಕೊಳತ್ತೆ, ಟಿಕೆಟ್ ಕೂಡ ಕೇಳಲ್ಲ!" ಎಂದು ನನಗೆ ಪಾಠ ಹೇಳಿದರು. ಅಂಗುಳು ಮೇಲೇಳಲು ಆಕಳಿಕೆಯೇ ಒಳ್ಳೆಯ ವ್ಯಾಯಾಮವಂತೆ. ಶ್ರೀನಗರದ ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರ ಎದುರಿಗೇ ಕೂತು ಈ ವ್ಯಾಯಾಮ ಮಾಡಿದರು. ಪಾಪ, ಪುರೋಹಿತರು ಐದು ಅಧ್ಯಾಯದ ಕಥೆಯನ್ನು ಹತ್ತೇ ನಿಮಿಷಕ್ಕೆ ಮುಗಿಸಿಬಿಟ್ಟರು. ಹಸಿದಿದ್ದ ನೆಂಟರೆಲ್ಲ ಮಾವನನ್ನು ಮನಸಾರೆ ಹರಸಿದರು.

ಆದರೆ ದನಿ ದೂರ ಹೋಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಅತ್ತೆ, ಅಂದರೆ ಮಾವನ ಹೆಂಡತಿ, ಇದ್ದರು. ದಿನಾ ಬೆಳಿಗ್ಗೆ ಪಾರ್ಕಿನ ಈ ಗೇಟಿನಲ್ಲಿ ಮಾವ, ಆ ಗೇಟಿನಲ್ಲಿ ಕೊಡೆ ಹಿಡಿದ ಅತ್ತೆ. ಹಾಡು ಕೇಳಿಸಿದರೆ ಕೊಡೆ ಎತ್ತಬೇಕು. ಮೊದಲ ದಿನವೇ ವಾಚ್‌ಮನ್ ಲಾಠಿ ಹಿಡಿದು ಓಡಿಬಂದ.

"ಸಾರ್, ಇಲ್ಲಿ ಯಾರೋ ಹೆಂಗಸು ಅಳ್ತಿದ್ರು, ನೋಡಿದ್ರಾ?"

"ನಾನೇ ಕಣಪ್ಪ," ಎಂದರು ಮಾವ, ಕಂಡಕ್ಟರ್ ದನಿಯಲ್ಲಿ. ಅವನು ಮಾವ ನಿಲ್ಲುವ ಗೇಟಿನ ಡ್ಯೂಟಿಯನ್ನೇ ಬದಲಾಯಿಸಿಕೊಂಡ.

ಅತ್ತೆ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಕೊಡೆ ಎತ್ತಲಿಲ್ಲ. "ಒಂದ್ಸಲ ಎತ್ತಬಾರ್ದೇನೇ?" ಎಂದು ಮಾವ ಗೋಗರೆದರೆ, "ಕೇಳಿಸ್ದೆ ಹೆಂಗ್ರೀ ಎತ್ಲಿ? ನಾನು ಸುಳ್ಳು ಹೇಳಲ್ಲ," ಎನ್ನುತ್ತಿದ್ದರು. ಹರಿಶ್ಚಂದ್ರನ ತಂಗಿ!

ಕಳೆದ ನವೆಂಬರಿನಲ್ಲಿ ಬಡಾವಣೆಯ ರಾಜ್ಯೋತ್ಸವಕ್ಕೆ ಮಾವ ಧೈರ್ಯ ಮಾಡಿ ಹೆಸರು ಕೊಟ್ಟರು. ಕಲ್ಯಾಣ ಮಂಟಪದಲ್ಲಿ ಐದು ನಿಮಿಷ, ಅದೇ ದೇವರನಾಮ, ಮೈಕ್ ಬೇಡ. "ಈ ಸಲಾನೂ ನಕ್ಕರೆ ಮುಗೀತು ಕಣೋ, ಬಚ್ಚಲಲ್ಲೂ ಹಾಡಲ್ಲ," ಎಂದು ನನ್ನ ಕೈ ಹಿಡಿದುಕೊಂಡರು. ನನಗೂ ಭಯವಾಯಿತು. ಮೈಕ್ ಸೆಟ್ಟಿನವನಂತೂ ಅಳುವುದೊಂದು ಬಾಕಿ. "ಬೇಡ ಸಾರ್, ಜನ ನನ್ ಸೆಟ್ಟೇ ಕೆಟ್ಟೋಗಿದೆ ಅನ್ಕೋತಾರೆ!"

ಮಾವ ಹುಬ್ಬಿನ ಮಧ್ಯದಿಂದ ಮೊದಲ ಸ್ವರ ಬಿಟ್ಟರು. ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ನಾಲ್ಕನೇ ಸಾಲಿಗೆ ಹಬ್ಬಿತು. ಮಾವನ ಸ್ವರ ನಡುಗಿತು, ಕಣ್ಣು ಬಾಗಿಲಿನತ್ತ ಓಡಿತು. ಅಲ್ಲಿ, ಕೊನೆಯ ಸಾಲಿನಲ್ಲಿ, ಕೊಡೆ ಮೇಲೆದ್ದಿತ್ತು. ಬರೀ ಎತ್ತಿದ್ದಲ್ಲ, ಛಾವಣಿಯ ಕೆಳಗೆ ಬಿಚ್ಚಿಯೇ ಹಿಡಿದಿದ್ದರು ಅತ್ತೆ!

ಆಮೇಲೆ ಮಾವ ಹಾಡಿದ ಹಾಡನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಎರಡನೇ ಚರಣದ ಹೊತ್ತಿಗೆ ನಗುತ್ತಿದ್ದವರು ಸುಮ್ಮನಾದರು. ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಆ ಮೈಕ್ ಸೆಟ್ಟಿನವನು.

ಊಟಕ್ಕೆ ಏಳುವಾಗ ಅತ್ತೆಯ ಹತ್ತಿರ ಹೋಗಿ, "ಅಂತೂ ಕೇಳಿಸ್ತಲ್ಲ ಅತ್ತೆ!" ಎಂದೆ.

"ಎಲ್ಲಿ ಕೇಳಿಸುತ್ತೋ? ನನ್ನ ಬೆನ್ನ ಹಿಂದೇನೇ ಅಡುಗೆಯವರು ಕೊಳದಪ್ಪಲೆ ಉಜ್ತಿದ್ರು."

"ಮತ್ತೆ ಕೊಡೆ ಯಾಕೆ ಎತ್ತಿದ್ರಿ?"

ಅತ್ತೆ ಕೊಡೆಯನ್ನು ನಿಧಾನವಾಗಿ ಮಡಚಿ, ಗುಂಡಿ ಹಾಕಿದರು. "ಮದುವೇಲಿ ಮೊದಲು ನಕ್ಕಿದ್ದು ನಾನೇ ಕಣೋ," ಎಂದರು.

ಮಾವನಿಗೆ ಇದನ್ನು ನಾನು ಹೇಳಿಲ್ಲ. ನೀವೂ ಹೇಳಬೇಡಿ.