ಕಾರಿಲ್ಲದೆ ಸರೋವರಕ್ಕೆ

ಹೆದರುವವನ ಸುತ್ತಲೇ ಇಂಥ ಸಂಗತಿಗಳು ನಡೆಯುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ದುಬೈಯ ಅಲ್ ಕುಸೈಸ್‌ನ ನಮ್ಮ ಫ್ಲಾಟಿನಿಂದ ಕೆಳಗಿನ ಅಂಗಡಿಗೆ ಹೋಗುವುದಿದ್ದರೂ ಗ್ಯಾಸ್ ಆಫ್ ಆಗಿದೆಯಾ ಎಂದು ಎರಡು ಸಲ ನೋಡುವವನು ನಾನು. ಅಂಥವನು ಹೆಂಡತಿ, ಮಗಳನ್ನು ಕಟ್ಟಿಕೊಂಡು ಆಲ್ಪ್ಸ್ ಬೆಟ್ಟಗಳ ನಡುವಿನ ಸರೋವರದ ದಡದಲ್ಲಿ, ಅದೂ ಕಾರಿಲ್ಲದೆ, ಎರಡು ವಾರ ಇದ್ದು ಬರಲು ಹೊರಟರೆ ಏನೂ ನಡೆಯದೆ ಇರುತ್ತದೆಯೇ?

ತಿರುವು

ಸರೋವರದ ಆಸೆ ಹೆಂಡತಿಯದು. ಅವಳು ನರ್ಸ್. ಅವಳ ಕ್ಲಿನಿಕ್ಕಿನ ಕ್ಯಾಲೆಂಡರಿನಲ್ಲಿ ಆಸ್ಟ್ರಿಯಾದ ಒಂದು ಸರೋವರದ ಚಿತ್ರ ಇತ್ತು. ತಿಂಗಳು ಮುಗಿದರೂ ಆ ಹಾಳೆ ತಿರುಗಿಸಲು ಅವಳು ಬಿಟ್ಟಿರಲಿಲ್ಲ. ಮದುವೆಯಾದಂದಿನಿಂದ ನಮ್ಮ ರಜೆಯೆಲ್ಲ ಮಂಗಳೂರಿನಲ್ಲಿ ಯಾರದೋ ಮದುವೆ, ಯಾರದೋ ಗೃಹಪ್ರವೇಶ ಎಂದು ಮುಗಿದುಹೋಗುತ್ತಿತ್ತು. ಬಾಯಿಬಿಟ್ಟು ಏನನ್ನೂ ಕೇಳದವಳು ಇದೊಂದನ್ನು ಕೇಳಿದಳು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಸತ್ವಾದಲ್ಲಿ ಗ್ಯಾರೇಜ್ ಇಟ್ಟಿರುವ ನನ್ನ ಬ್ಯಾರಿ ಗೆಳೆಯನಿಗೆ ವಿಷಯ ಹೇಳಿದೆ.

"ಅಲ್ಲಿ ಗಾಡಿ ಬಾಡಿಗೆಗೆ ತಗೋ ಮಾರಾಯ. ಬೆಟ್ಟದಲ್ಲಿ ಗಾಡಿ ಇಲ್ಲದೆ ಎಂಥ ಮಾಡ್ತಿ?" ಎಂದ.

"ತಿರುವು ಅಂದ್ರೆ ನನಗೆ ಹೆದರಿಕೆ."

"ಹೆದರಿಕೆ ಎಲ್ಲ ಅಭ್ಯಾಸದಲ್ಲಿ ಹೋಗ್ತದೆ. ಶುಕ್ರವಾರ ಜಬಲ್ ಹಫೀತ್‌ಗೆ ಹೋಗುವಾ. ನನ್ನ ಹೊಸ ಗಾಡಿಯಲ್ಲೇ."

ಅಲ್ ಐನ್‌ನ ಆ ಬೆಟ್ಟದ ರಸ್ತೆ ಹಾವಿನ ಹಾಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಗೆಳೆಯ ಗಾಡಿ ಓಡಿಸುತ್ತ ಕೆಲವು ತಿರುವು ದಾಟುವಾಗ ಮಗಳು "ಪಪ್ಪಾ, ಐ ಡೋಂಟ್ ಫೀಲ್ ಗುಡ್" ಎಂದಳು. ಮುಂದಿನ ತಿರುವಿನಲ್ಲಿ ಅವಳು ಹೇಳಿದ್ದು ನಿಜವೆಂದು ಹಿಂದಿನ ಸೀಟಿಗೆಲ್ಲ ಗೊತ್ತಾಯಿತು. ಅವಳನ್ನು ನೋಡಿ ನನಗೂ ಬಂತು. ಆಸ್ಪತ್ರೆಯಲ್ಲಿ ಎಷ್ಟೋ ಜನರದ್ದನ್ನು ಒರೆಸಿದ ಹೆಂಡತಿ ನಮ್ಮಿಬ್ಬರನ್ನೂ ಒರೆಸಲು ಬಗ್ಗಿದಳು, ಅವಳಿಗೂ ತಡೆಯಲಾಗಲಿಲ್ಲ.

ತುದಿ ತಲುಪಿದ ಮೇಲೆ ಗೆಳೆಯ ನಾಲ್ಕೂ ಬಾಗಿಲು ತೆರೆದಿಟ್ಟು, ನಮಗೆ ಬೆನ್ನು ಹಾಕಿ ಒಂದು ಬಂಡೆಯ ಮೇಲೆ ಕೂತ. ಕೊನೆಗೆ ತಿರುಗದೆಯೇ ಹೇಳಿದ:

"ನೀವು ರೈಲಿನಲ್ಲೇ ಹೋಗಿ."

ಸೆಕೆ

ಹಾಗೆ ಕಾರು ತಪ್ಪಿತು. ರೈಲು, ದೋಣಿ, ಇಲ್ಲವಾದರೆ ಕಾಲು ಎಂದು ನಿಶ್ಚಯವಾಯಿತು. ಸರೋವರದ ಪಕ್ಕ ಒಂದು ಮನೆಯ ಮಾಳಿಗೆಯನ್ನು ಬಾಡಿಗೆಗೆ ಗೊತ್ತುಮಾಡಿದೆ. ಮಾಲೀಕಳು ವಯಸ್ಸಾದ ಹೆಂಗಸು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ದಾರಿಯಲ್ಲಿ ಎಲ್ಲೋ ಒಂದು ಕಡೆ ಭೇಟಿಯಾಗುತ್ತಿದ್ದವು.

ಅವರಿಗೆ ಫೋನ್ ಮಾಡಿ, ಸ್ಟೇಷನ್ನಿನಿಂದ ಮನೆಗೆ ಹೇಗೆ ಬರುವುದು ಎಂದು ಕೇಳಿದೆ. ನಡೆದುಕೊಂಡು ಎಂದರು. ಮಳೆ ಬಂದರೆ? ಕೊಡೆ ಹಿಡಿದು ನಡೆದುಕೊಂಡು ಎಂದರು. ಎಸಿ ಇದೆಯಾ ಎಂದೆ. ಕಿಟಕಿ ಇದೆ ಎಂದರು. ಆಮೇಲೆ ದನಿ ತಗ್ಗಿಸಿ, ಮೊದಲೇ ಹೇಳಿಬಿಡುತ್ತೇನೆ, ಈ ವರ್ಷ ಇಲ್ಲಿ ಭಯಂಕರ ಸೆಕೆ, ಮುದುಕರೆಲ್ಲ ಮನೆಯಿಂದ ಹೊರಗೆ ಬರುತ್ತಿಲ್ಲ, ನೀವು ಮಗುವನ್ನು ಬೇರೆ ಕರೆತರುತ್ತಿದ್ದೀರಿ, ಯೋಚನೆ ಮಾಡಿ ಎಂದರು.

ದುಬೈಯ ಸೆಕೆ ತಪ್ಪಿಸಿಕೊಳ್ಳಲು ಹೊರಟವರು ಇನ್ನೊಂದು ಸೆಕೆಯೊಳಗೆ ಹೋಗಿ ಬೀಳುವುದೇ? ಎಷ್ಟು ಡಿಗ್ರಿ ಎಂದು ಕೇಳಿದೆ.

"ಇಪ್ಪತ್ತಾರು" ಎಂದರು, ಸಾವಿನ ಸುದ್ದಿ ಹೇಳುವವರ ಹಾಗೆ.

ಫೋನ್ ಇಟ್ಟು ಹೆಂಡತಿಗೆ ಹೇಳಿದೆ. ಅವಳು ಅದೇ ಸಂಜೆ ನೈಫ್ ಮಾರ್ಕೆಟ್ಟಿಗೆ ಹೋಗಿ ಮೂವರಿಗೂ ಸ್ವೆಟರ್ ತಂದಳು.

ಗಂಜಿ

ವೀಸಾ ಸೆಂಟರಿಗೆ ಹೋಗುವ ದಿನ ಬೆಳಿಗ್ಗೆಯಿಂದ ಕಾಗದಗಳನ್ನು ಮತ್ತೆ ಮತ್ತೆ ಎಣಿಸಿದೆ. ವೀಸಾ ಸಿಗದಿದ್ದರೆ ಹೆಂಡತಿ ಏನೂ ಅನ್ನುವವಳಲ್ಲ. ಸುಮ್ಮನೆ ಕ್ಲಿನಿಕ್ಕಿಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುಗಿಸುತ್ತಾಳೆ. ಅದನ್ನು ನೆನೆದೇ ನನಗೆ ಹೆಚ್ಚು ಹೆದರಿಕೆ.

ಕೌಂಟರಿನಲ್ಲಿದ್ದ ಹುಡುಗಿ ಕೇರಳದವಳು. ಅಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದಳು. ಯಾರೂ ಇಲ್ಲ ಎಂದೆ. ಗಾಡಿ? ಇಲ್ಲ. ಮತ್ತೆ ಎರಡು ವಾರ ಏನು ಮಾಡುತ್ತೀರಿ?

"ನಡೆಯುತ್ತೇವೆ" ಎಂದೆ.

ಅವಳು ತಲೆಯೆತ್ತಿ ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು. ಇಲ್ಲಿ ಎಲ್ಲಿ ನಡೆಯುತ್ತೀರಿ ಎಂದಳು. ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆಂದು "ಮಾಲ್‌ನಲ್ಲಿ" ಎಂದೆ.

"ವಾಪಸ್ ಬಂದೇ ಬರ್ತೀರಿ ಅಂತ ಹೇಗೆ ನಂಬೋದು?" ಎಂದಳು. ನಗುತ್ತ ಕೇಳಿದ್ದಿರಬೇಕು. ಹೆದರಿದವನಿಗೆ ನಗು ಕಾಣುವುದಿಲ್ಲ.

ಹೆಂಡತಿ ಮುಂದೆ ಬಗ್ಗಿ, "ಮೇಡಂ, ಇವರಿಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ಎರಡು ವಾರಕ್ಕಿಂತ ಹೆಚ್ಚು ಆಗೋದಿಲ್ಲ. ಅಲ್ಲಿ ಅದು ಸಿಗೋದಿಲ್ಲ" ಎಂದಳು.

ಹುಡುಗಿ ನಿಟ್ಟುಸಿರು ಬಿಟ್ಟು, "ನಮ್ಮ ಅಪ್ಪನೂ ಹಾಗೇ" ಎಂದು ನಮ್ಮ ಕಾಗದಗಳನ್ನು ಒಳಗೆ ತೆಗೆದುಕೊಂಡಳು.

ಪ್ರಾಕ್ಟೀಸ್

ವೀಸಾ ಬಂತು. ಮುಂದಿನ ಹೆದರಿಕೆ ರೈಲಿನದು. ದಾರಿಯಲ್ಲಿ ಒಂದು ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದು ರೈಲಿಗೆ ಓಡಬೇಕು. ನಡುವೆ ಇರುವುದು ಕೆಲವೇ ನಿಮಿಷ. ಪೆಟ್ಟಿಗೆ ಹಿಡಿದು ನಮ್ಮಿಂದ ಆಗುತ್ತದಾ?

"ಇಲ್ಲೇ ಪ್ರಾಕ್ಟೀಸ್ ಮಾಡುವಾ" ಎಂದೆ ನಾನು.

ಒಂದು ಶುಕ್ರವಾರ ಸಂಜೆ ಮಗಳ ಹಳೆಯ ಪಠ್ಯಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ, ಅಲ್ ಕುಸೈಸ್‌ನಲ್ಲಿ ಮೆಟ್ರೋ ಹತ್ತಿ, ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ರೆಡ್ ಲೈನಿನ ಪ್ಲಾಟ್‌ಫಾರ್ಮಿಗೆ ಓಡಿದೆವು. ಮಗಳು "ದಿಸ್ ಈಸ್ ಸೋ ಎಂಬರಾಸಿಂಗ್" ಎನ್ನುತ್ತ ಹಿಂದಿನಿಂದ ಬಂದಳು. ಗಾರ್ಡ್ ಓಡಿ ಬಂದು ಏರ್‌ಪೋರ್ಟಿಗೆ ಈ ಕಡೆ ಎಂದು ತೋರಿಸಿದ. ನಾವು ಎಲ್ಲಿಗೂ ಹೋಗುವುದಿಲ್ಲ ಎಂದೆ. ಅವನು ನಮ್ಮ ಪೆಟ್ಟಿಗೆ ನೋಡಿದ, ನಮ್ಮ ಬೆವರು ನೋಡಿದ, ಮತ್ತೇನೂ ಕೇಳಲಿಲ್ಲ.

ಅಲ್ಲಿ ನಮ್ಮನ್ನು ನೋಡಿದವರು ಇನ್ನೊಬ್ಬರಿದ್ದರು. ನಮ್ಮದೇ ಬಿಲ್ಡಿಂಗಿನ ನಾಲ್ಕನೇ ಮಹಡಿಯ ಅಕ್ಕ. ದೂರದಿಂದ ಕೈ ಬೀಸಿ ರೈಲು ಹತ್ತಿದರು. ಗಲ್ಫಿನಲ್ಲಿ ಸಂಸಾರ ಸಮೇತ, ಮುಖ ಕೆಂಪಗೆ ಮಾಡಿಕೊಂಡು, ಪೆಟ್ಟಿಗೆ ಹೊತ್ತು ಓಡುವವರನ್ನು ಕಂಡರೆ ಯಾರಾದರೂ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ: ಕೆಲಸ ಹೋಯಿತು, ಖಲಾಸ್, ಊರಿಗೆ.

ಶುಕ್ರವಾರ, ಶನಿವಾರದ ವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಹೋದರೆ ಸಹೋದ್ಯೋಗಿಯೊಬ್ಬರು ನನ್ನ ಭುಜ ತಟ್ಟಿ "ಎಲ್ಲ ಸರಿ ಹೋಗ್ತದೆ" ಎಂದರು. ನನಗೆ ಗೊತ್ತಿಲ್ಲದೆ ನನ್ನನ್ನು ಕೆಲಸದಿಂದ ತೆಗೆದಿದ್ದಾರೋ ಎಂದು ಆ ದಿನವಿಡೀ ಮ್ಯಾನೇಜರರ ಮುಖ ನೋಡುತ್ತ ಕೂತೆ.

ಸಂಜೆ ಮನೆಗೆ ಬಂದರೆ ನಾಲ್ಕನೇ ಮಹಡಿಯ ಅಕ್ಕ ಅಡುಗೆಮನೆಯಲ್ಲಿ ನಿಂತಿದ್ದರು. ಕಣ್ಣು ಒದ್ದೆ. ಒಂದು ಕೈಯಲ್ಲಿ ನಮಗೆಂದು ತಂದ ನೀರುದೋಸೆಯ ಡಬ್ಬ, ಇನ್ನೊಂದು ಕೈ ನಮ್ಮ ಫ್ರಿಜ್ಜಿನ ಮೇಲೆ.

"ನೀವು ಹೋಗೋದು ಅಂದ್ರೆ ನಂಗೆ ಅನ್ನ ಸೇರೋದಿಲ್ಲ" ಎಂದರು. "ಈ ಫ್ರಿಜ್ಜನ್ನು ಬೇರೆ ಯಾರಿಗೂ ಕೊಡ್ತೇವೆ ಅಂತ ಹೇಳಲಿಲ್ಲ ಅಲ್ವಾ?"

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿ, ನಿಧಾನವಾಗಿ ಎಲ್ಲ ಹೇಳಿದೆ. ಕೆಲಸ ಉಂಟು, ಹೋಗುವುದು ಸರೋವರಕ್ಕೆ, ಎರಡು ವಾರಕ್ಕೆ ವಾಪಸ್. ಅವರ ಮುಖ ಹೇಗೆ ಬಾಡಿತೆಂದರೆ, ಊರಿಗೆ ಹೋಗದೆ ಇರುವುದಕ್ಕೆ ನಾನೇ ಕ್ಷಮೆ ಕೇಳಿದೆ.

ಅವರು ಕಣ್ಣೊರೆಸಿಕೊಂಡು, "ಹಾಗಾದ್ರೆ ಆ ಎರಡು ವಾರಕ್ಕಾದ್ರೂ ಕೊಡಿ. ಹೇಗೂ ಖಾಲಿ ಇರ್ತದಲ್ಲ" ಎಂದರು.

ನಾವು ಹೋದೆವು. ಸರೋವರ ಚಿತ್ರದಲ್ಲಿದ್ದ ಹಾಗೇ ಇತ್ತು. ಹೆಂಡತಿ ಮೊದಲ ದಿನ ದಡದಲ್ಲಿ ಕೂತವಳು ಊಟಕ್ಕೂ ಏಳಲಿಲ್ಲ. ಒಂದು ರೈಲೂ ತಪ್ಪಲಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ವಾಪಸ್ ಬಂದೆವು.

ಫ್ರಿಜ್ ಇನ್ನೂ ಬಂದಿಲ್ಲ.