ಒಂದು ಕಡೆ ನಿಲ್ಲದ ಡಿಫೆಂಡರು

ಮಂಡಿ ನೋವು ಅಂತ ನನ್ನ ಹತ್ತಿರ ಬರುವವರಲ್ಲಿ ಎರಡು ಥರ. ಕೂತೂ ಕೂತೂ ಕೆಡಿಸಿಕೊಂಡವರು ಒಂದು, ಕೂರಲಾರದೆ ಕೆಡಿಸಿಕೊಂಡವರು ಇನ್ನೊಂದು. ಮೊದಲನೆಯವರಿಂದ ನನ್ನ ಕೆಲಸ ನಡೆಯುತ್ತದೆ. ಎರಡನೆಯವರಿಂದ ಮನೆಯಲ್ಲಿ ಊಟದ ಹೊತ್ತಿಗೆ ಹೇಳಲಿಕ್ಕೆ ಏನಾದರೂ ಸಿಗುತ್ತದೆ, ಅದೂ ತಪ್ಪದೆ, ವಾರಕ್ಕೊಂದರಂತೆ.

ಎಂಬತ್ತರ ದಶಕದಲ್ಲಿ ನಾನು ಓಕ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಗಂಡ ಸನ್ನಿವೇಲ್‌ನ ಆಫೀಸಿಗೆ ದಿನಾ ಫ್ರೀವೇಯಲ್ಲಿ ತೆವಳಿಕೊಂಡು ಹೋಗಿ ಬರುತ್ತಿದ್ದರು. ಒಂದು ದಿನ ಬೆನ್ನುನೋವಿಗೆ ಬಂದ ಪೋರ್ಚುಗೀಸ್ ಬೇಕರಿ ಮಾಲೀಕನೊಬ್ಬ, ನೋವು ಬಿಟ್ಟ ಖುಷಿಯಲ್ಲಿ, "ಭಾನುವಾರ ನಮ್ಮ ಫುಟ್‌ಬಾಲ್ ಟೀಮಿನವರ ಕಾಲು ನೋಡ್ತೀರಾ?" ಅಂದ. ಅವನೇ ಆ ಟೀಮಿನ ಮ್ಯಾನೇಜರು. ಬೆಂಗಳೂರಿನಲ್ಲಿ ನಮ್ಮಣ್ಣಂದಿರು ಆಡುವಾಗ ಚರಂಡಿಯಿಂದ ಚೆಂಡು ಎತ್ತಿಕೊಟ್ಟಿದ್ದು ಬಿಟ್ಟರೆ ನನಗೆ ಆ ಆಟದ ಗಂಧ ಇರಲಿಲ್ಲ. ಆದರೂ ಹ್ಞೂಂ ಅಂದುಬಿಟ್ಟೆ.

ಅದೇ ವರ್ಷ ಆ ಟೀಮಿಗೆ ಇಂಗ್ಲೆಂಡಿನಿಂದ ಒಬ್ಬ ಡಿಫೆಂಡರು ಬಂದಿಳಿದಿದ್ದ. ದೊಡ್ಡ ಹೆಸರೇನಲ್ಲ. ಅಲ್ಲಿನ ಕೆಳದರ್ಜೆಯ ಟೀಮುಗಳಲ್ಲಿ, ಊರಿಂದ ಊರಿಗೆ, ಹನ್ನೆರಡು ವರ್ಷ ಅಲೆದವನು. ಮುರಿದ ಮೂಗು, ಬಾಗಿಲಿನಷ್ಟು ಅಗಲದ ಭುಜ, ಮಾತು ಮಾತ್ರ ಬಹಳ ಮೆದು. ಇವೆಲ್ಲ ಅವನ ಕಥೆಗಳು.

ಫಾರಂ

ಮೊದಲ ದಿನ ಅವನನ್ನು ಕೂರಿಸಿಕೊಂಡು ಆಸ್ಪತ್ರೆಯ ಫಾರಂ ತುಂಬಿಸಲು ಶುರು ಮಾಡಿದೆ. 'ಹಿಂದೆ ಆದ ಗಾಯಗಳು' ಅಂತ ಒಂದು ಸಾಲಿನ ಜಾಗ ಇತ್ತು.

"ಎಡಗಾಲಿನ ಮಂಡಿ ಒಂದು ಗಣಿ ಊರಲ್ಲಿ ಹೋಯ್ತು. ಮೂಗು ಸಮುದ್ರದ ದಂಡೆ ಊರಲ್ಲಿ. ಪಕ್ಕೆಲುಬು ಎರಡು ಊರಲ್ಲಿ, ಒಂದೊಂದು ಕಡೆ ಒಂದೊಂದು," ಅಂತ ಅವನು ಹೇಳುತ್ತ ಹೋದ. ನಾನು ಹಾಳೆ ತಿರುಗಿಸಿ ಹಿಂದುಗಡೆ ಬರೆದೆ. ಅದೂ ತುಂಬಿತು. ನನಗೆ ಅರ್ಧ ಇಂಗ್ಲೆಂಡಿನ ಭೂಗೋಳ ಅವನ ಮೈಮೇಲೇ ಪಾಠವಾಯಿತು.

"ಈ ಬೆರಳು?" ಅಂದೆ, ಸೊಟ್ಟಗಿದ್ದ ಕಿರುಬೆರಳು ನೋಡಿ.

"ಅದು ಆಟದಲ್ಲಿ ಅಲ್ಲ. ರೈಲಿನ ಬಾಗಿಲು. ಟೀಮು ಬದಲಾಯಿಸೋ ಅವಸರದಲ್ಲಿದ್ದೆ."

ಕೊನೆಗೆ ಕೇಳಿದೆ, "ಪರ್ಮನೆಂಟ್ ಅಡ್ರೆಸ್ಸು?"

ಅದುವರೆಗೆ ಪಟಪಟ ಉತ್ತರ ಕೊಡುತ್ತಿದ್ದವನು ಸೂರು ನೋಡತೊಡಗಿದ. ಆಮೇಲೆ ಹೇಳಿದ: "ಅಡ್ರೆಸ್ಸು ಬೇಕಾದಷ್ಟಿವೆ. ಪರ್ಮನೆಂಟೇ ಇಲ್ಲ."

ಮೆನನ್

ನಾನು ನೋಡಿದ ಅವನ ಮೊದಲ ಆಟ. ಹಿಂದುಗಡೆ ನಿಂತು ಇಡೀ ಮೈದಾನಕ್ಕೆ ಕೇಳುವಂತೆ ಕೂಗುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಮೆತ್ತಗೆ ಮಾತಾಡಿದವನು ಇವನೇನಾ ಅನ್ನಿಸಿತು. ಅವನದು ಇಂಗ್ಲೆಂಡಿನ ಉತ್ತರದ ಕಡೆಯ ಉಚ್ಚಾರ. ನಮ್ಮ ಟೀಮಿನಲ್ಲಿ ಮೆಕ್ಸಿಕೋದವರು, ಪೋರ್ಚುಗಲ್ಲಿನವರು, ಒಬ್ಬ ಇರಾನಿ. ಯಾರಿಗೂ ಒಂದಕ್ಷರ ಹತ್ತುತ್ತಿರಲಿಲ್ಲ.

ನನಗೆ ಮಾತ್ರ ಒಂದು ಪದ ಸ್ಪಷ್ಟವಾಗಿ ಕೇಳಿಸಿತು. ನಮ್ಮವರ ಕಾಲಿಗೆ ಚೆಂಡು ಬಂದಾಗೆಲ್ಲ ಇವನು "ಮೆನನ್! ಮೆನನ್!" ಅಂತ ಕಿರುಚುತ್ತಿದ್ದ.

ನನಗೆ ಖುಷಿಯೋ ಖುಷಿ. ಇಷ್ಟು ದೂರದಲ್ಲಿ ನಮ್ಮ ಕಡೆಯವನೊಬ್ಬ ಆಡುತ್ತಿದ್ದಾನಲ್ಲ! ಯಾರಿರಬಹುದು ಅಂತ ಒಬ್ಬೊಬ್ಬರ ಮುಖ ನೋಡಿದೆ. ಯಾರೂ ಕೇರಳದವರಂತೆ ಕಾಣಲಿಲ್ಲ. ಆಟ ಮುಗಿದ ಮೇಲೆ ತಡೆಯಲಾರದೆ ಕೇಳಿದೆ: "ನಿಮ್ಮ ಟೀಮಲ್ಲಿ ಮೆನನ್ ಯಾರು?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. 'ಮ್ಯಾನ್ ಆನ್' ಅಂದರೆ 'ಹಿಂದೆ ಎದುರಾಳಿ ಬಂದ, ಹುಷಾರು' ಅಂತ ಅರ್ಥವಂತೆ. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ಮೆಕ್ಸಿಕನ್ ಗೋಲ್‌ಕೀಪರು ಮಾತ್ರ ದೊಡ್ಡ ನಿಟ್ಟುಸಿರು ಬಿಟ್ಟ.

"ಹಾಗಾ? ನಾನು ಇಷ್ಟು ದಿನ ಅದು ಅವನ ಹೆಂಡತಿ ಹೆಸರು ಅಂದ್ಕೊಂಡಿದ್ದೆ. ಕಷ್ಟ ಬಂದಾಗೆಲ್ಲ ಕರೀತಾನೆ, ಪಾಪ, ಅಂತ."

ಒಂದೇ ಪದ

ಆ ಚಳಿಗಾಲ ಧಾರವಾಡದಿಂದ ನಮ್ಮತ್ತೆ ಬಂದಿದ್ದರು. ಮಂಡಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಡಿಫೆಂಡರು ಒಂದು ಶನಿವಾರ ನಮ್ಮ ಅಪಾರ್ಟ್‌ಮೆಂಟಿಗೇ ಬಂದ. ಸೋಫಾ ತೋರಿಸಿದರೆ ಕೂರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಿದ್ದ.

"ಏನ ಕೆಲಸಾ ಮಾಡ್ತಾನ ಇಂವಾ?" ಅತ್ತೆ ಕೇಳಿದರು.

"ಫುಟ್‌ಬಾಲ್ ಆಡ್ತಾರೆ ಅತ್ತೆ."

"ಗೋಲ್ ಹೊಡಿತಾನೇನು?"

"ಇಲ್ಲ, ಹೊಡೆಯೋಕೆ ಬಂದವರನ್ನ ಒಳಗೆ ಬಿಡಲ್ಲ."

"ಹಂಗಂದ್ರ ವಾಚ್‌ಮನ್ ಅನ್ನು," ಅಂತ ಅತ್ತೆ ಒಳಗೆ ಹೋದರು.

ಹೇಗೋ ಕೂರಿಸಿ ಪಟ್ಟಿ ಕಟ್ಟಿ ಮುಗಿಸಿದೆ. ಅವನು ಎದ್ದು, "ಥ್ಯಾಂಕ್ಸ್, ಲವ್," ಅಂದ. ಅವರ ಊರಿನಲ್ಲಿ ಎಲ್ಲರಿಗೂ ಹಾಗೇ ಅನ್ನುವುದು, ನಾವು 'ಅಮ್ಮ', 'ಅಣ್ಣ' ಅಂದ ಹಾಗೆ. ನನಗದು ಗೊತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ಚಹಾ ಹಿಡಿದು ನಿಂತ ಅತ್ತೆಗೆ ಗೊತ್ತಿರಲಿಲ್ಲ. ಅವರಿಗೆ ಬರುವ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಅದೂ ಒಂದು.

ಮುಖ ಗಂಟು ಹಾಕಿಕೊಂಡೇ ಚಹಾ ಕೊಟ್ಟರು. ಅವನು ತೆಗೆದುಕೊಂಡು ಅವರಿಗೂ, "ಥ್ಯಾಂಕ್ಸ್, ಲವ್," ಅಂದ.

"ಮೊದಲ ಸೊಸಿಗೆ, ಈಗ ಅತ್ತಿಗೆ! ಈ ಮನ್ಯಾಗ ಯಾರನ್ನೂ ಬಿಡಂಗಿಲ್ಲೇನು ಇಂವಾ?"

ನಾನು ವಿವರಿಸುವಷ್ಟರಲ್ಲಿ ನನ್ನ ಗಂಡ ಗ್ರೋಸರಿ ಚೀಲ ಹೊತ್ತು ಒಳಗೆ ಬಂದರು. ಡಿಫೆಂಡರು ಅವರ ಬೆನ್ನು ತಟ್ಟಿ, "ಬರ್ತೀನಿ, ಲವ್," ಅಂತ ಹೇಳಿ ಹೊರಟೇಹೋದ.

ಅತ್ತೆ ಮಗನ ಮುಖ ನೋಡಿದರು, ಬಾಗಿಲು ನೋಡಿದರು. ಮುಖ ಸಡಿಲವಾಯಿತು. "ಇಂಗ್ಲಿಷಿನ್ಯಾಗ ಅಂವಗ ಅದೊಂದ ಶಬ್ದ ಬರ್ತದಂತ ಕಾಣಸ್ತದ. ಪಾಪ, ಸಾಲಿ ಕಲಿತಿಲ್ಲ."

ಕತ್ತರಿ

ಒಮ್ಮೆ ಸ್ಥಳೀಯ ಪತ್ರಿಕೆಯಲ್ಲಿ ಅವನ ಹೆಸರು ಬಂತು. ಪತ್ರಿಕೆ ಹಿಡಿದುಕೊಂಡು ಬಂದು ನನ್ನ ಬ್ಯಾಂಡೇಜ್ ಕತ್ತರಿ ಕೇಳಿದ. ಊರಿನಲ್ಲಿ ಅವನ ತಾಯಿ ಒಂದು ಪುಸ್ತಕ ಇಟ್ಟಿದ್ದಾರಂತೆ, ಮಗನ ಸುದ್ದಿಯನ್ನೆಲ್ಲ ಅಂಟಿಸಲು. ತಡೆಯುವವನ ಹೆಸರನ್ನು ಯಾವ ಪತ್ರಿಕೆ ಹಾಕುತ್ತದೆ? ಪುಸ್ತಕ ಬಹುಪಾಲು ಖಾಲಿ.

ಅವನು ಕತ್ತರಿಸುತ್ತಿದ್ದ ಸಾಲನ್ನು ಓದಿದೆ. ಇವನು ಹೊಡೆದ ಗೋಲೇ ಪಂದ್ಯವನ್ನು ನಿರ್ಧರಿಸಿತು ಅಂತ ಇತ್ತು. ನಿಜವೇ. ನಾನೂ ಅಲ್ಲಿದ್ದೆ. ಚೆಂಡು ಇವನ ಮಂಡಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಗಿತ್ತು. ಅದು ಮುಂದಿನ ಸಾಲಿನಲ್ಲಿತ್ತು. ಆ ಸಾಲು ಬರದ ಹಾಗೆ ಅವನು ಉಸಿರು ಬಿಗಿಹಿಡಿದು ಕತ್ತರಿಸುತ್ತಿದ್ದ.

"ಯಾವ ಕಡೆಗೆ ಹೊಡೆದೆ ಅಂತ ನಿಮ್ಮಮ್ಮ ಕೇಳಲ್ವಾ?" ಅಂದೆ.

"ನಾನೀಗ ಯಾವ ಕಡೆ ಇದ್ದೀನಿ ಅನ್ನೋದನ್ನೇ ಅವರು ಕೇಳೋದು ಬಿಟ್ಟು ಬಹಳ ವರ್ಷ ಆಯ್ತು."

ಎಲ್ಲಿಗೂ ಹೋಗದ ಸೈಕಲ್ಲು

ಎರಡನೇ ಸೀಸನ್ನಿನಲ್ಲಿ ಆ ಮಂಡಿ ಪೂರ್ತಿ ಕೈಕೊಟ್ಟಿತು. ಡಾಕ್ಟರು ಆರು ವಾರ ವಿಶ್ರಾಂತಿ ಅಂದರು. ಅವನಿಗದು ಆರು ವರ್ಷದ ಜೈಲು. ಊರುಗೋಲಲ್ಲೇ ಆಸ್ಪತ್ರೆಯ ಎಲ್ಲ ಮಹಡಿ ಸುತ್ತಿದ. ಹೆರಿಗೆ ವಾರ್ಡಿನಿಂದ ನನಗೆ ಫೋನು ಬಂತು: "ನಿಮ್ಮ ಪೇಷೆಂಟ್ ಇಲ್ಲಿದ್ದಾರೆ, ಅಪ್ಪಂದಿರಿಗೆಲ್ಲ ಧೈರ್ಯ ಹೇಳ್ತಿದ್ದಾರೆ."

ಕೊನೆಗೆ ವ್ಯಾಯಾಮದ ಸೈಕಲ್ ಮೇಲೆ ಕೂರಿಸಿದೆ. ಹತ್ತು ನಿಮಿಷ ತುಳಿದು ರೇಗಿದ: "ಎಷ್ಟು ತುಳಿದರೂ ಇದು ಎಲ್ಲಿಗೂ ಹೋಗ್ತಿಲ್ಲ!"

"ಅದಕ್ಕೇ ನಿಮಗೆ ಕೊಟ್ಟಿರೋದು," ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಆ ದಿನ ಎಕ್ಸ್‌ರೇ ನನ್ನ ಕೈಯಲ್ಲಿತ್ತು. ಮೂಳೆಗೆ ಮೂಳೆ ಉಜ್ಜುತ್ತಿತ್ತು. ಇನ್ನೂ ಆಡಿದರೆ ನಲವತ್ತಕ್ಕೇ ಕೋಲು ಹಿಡಿಯಬೇಕಾಗುತ್ತದೆ ಅಂತ ಹೇಳಿದೆ. ಅವನು ಪೆಡಲ್ ನಿಲ್ಲಿಸಿದ.

"ಆಡೋದು ಹೇಗೆ ಅಂತ ಬಹಳ ಜನ ಹೇಳಿಕೊಟ್ರು. ನಿಲ್ಲಿಸೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ."

ಆಮೇಲೆ ತಾನೇ ಅಂದ: "ಸರಿ. ಒಂದೇ ಒಂದು ಆಟ ಆಡಿ ಊರಿಗೆ ಹೋಗ್ತೀನಿ. ನಮ್ಮಮ್ಮನಿಗೂ ವಯಸ್ಸಾಯ್ತು." ಕೈಗೆ ಕೈ ಕೊಟ್ಟು ಮಾತು ಕೊಟ್ಟ.

ಬೀಳ್ಕೊಡುಗೆ

ಆ ಕೊನೆಯ ಆಟ ಆಯಿತು. ಚರ್ಚ್ ಹಾಲಿನಲ್ಲಿ ಬೀಳ್ಕೊಡುಗೆ. ಮ್ಯಾನೇಜರು ತನ್ನ ಬೇಕರಿಯಿಂದ ಬೂಟಿನ ಆಕಾರದ ಕೇಕು ಮಾಡಿಸಿ ತಂದಿದ್ದ. ಭಾಷಣ ಮಾಡಲು ನಿಂತವನು ಅಳಲು ಶುರುಮಾಡಿದ, ಗೋಲ್‌ಕೀಪರು ಅವನನ್ನು ನೋಡಿ ಅತ್ತ, ಅವರಿಬ್ಬರನ್ನು ನೋಡಿ ನಾನೂ ಅತ್ತೆ. ಇನ್ನೂ ನಮ್ಮಲ್ಲೇ ಇದ್ದ ನಮ್ಮತ್ತೆ ಡಿಫೆಂಡರನ ಹಣೆಗೆ ಕುಂಕುಮ ಹಚ್ಚಿ, ಕೈಗೆ ತೆಂಗಿನಕಾಯಿ ಕೊಟ್ಟು, "ಸುಖವಾಗಿರಪಾ," ಅಂದರು. ಡಿಫೆಂಡರು ಎಲ್ಲರ ಮುಂದೆ ಬೂಟು ಬಿಚ್ಚಿ ಮೇಜಿನ ಮೇಲಿಟ್ಟ. "ಇನ್ನು ಮುಟ್ಟೋದಿಲ್ಲ." ಗೋಲ್‌ಕೀಪರು ತನ್ನ ಟ್ರಕ್ಕಿನಲ್ಲಿ ಅವನನ್ನು ಏರ್‌ಪೋರ್ಟಿನ ಬಾಗಿಲಿಗೇ ಬಿಟ್ಟು, ಕೈಬೀಸಿ ಬಂದ.

ಮುಂದಿನ ಭಾನುವಾರ ಸ್ಯಾನ್ ಹೋಸೆಯಲ್ಲಿ ಆಟ. ಅತ್ತೆಯೂ ಬಂದಿದ್ದರು. ಎದುರಾಳಿಗಳು ಹಸಿರು ಜರ್ಸಿ ಹಾಕಿ ಓಡಿ ಬಂದರು.

"ಅಲ್ಲಿ ನೋಡವಾ, ಅಂವಾ ನಮ್ಮಂವನ ಹಂಗ ಕಾಣಸ್ತಾನ."

"ಈ ಜನ ಎಲ್ಲ ಒಂದೇ ಥರ ಕಾಣ್ತಾರೆ ಅತ್ತೆ," ಅಂದೆ.

ಅಷ್ಟರಲ್ಲಿ ಅವನು ಬಾಯಿ ತೆರೆದು "ಮೆನನ್!" ಅಂತ ಕೂಗಿದ. ನನ್ನ ಕೈಯಿಂದ ಐಸಿನ ಡಬ್ಬಿ ಬಿತ್ತು. ಮ್ಯಾನೇಜರು ತನ್ನ ಟೋಪಿ ಕಚ್ಚಿದ. ಅತ್ತೆ ಸೆರಗು ಬಾಯಿಗೆ ಹಿಡಿದರು: "ಅಯ್ಯ ನಮ್ಮವ್ವ! ಕುಂಕುಮ ಹಚ್ಚಿ ಕಳಿಸಿದ ಮಗಳು ವಾರದಾಗ ಬಾಜೂ ಮನಿಗೆ ಸೊಸಿಯಾಗಿ ಬಂದಂಗಾತಲ್ಲ!"

ಅವನು ಆ ದಿನ ನಮ್ಮ ಒಬ್ಬನನ್ನೂ ಗೋಲಿನ ಹತ್ತಿರ ಸುಳಿಯಗೊಡಲಿಲ್ಲ. ಆಟ ಮುಗಿದದ್ದೇ ಕುಂಟಿಕೊಂಡು ಸೀದಾ ನಮ್ಮ ಬೆಂಚಿಗೆ ಬಂದ, ಕೂತ, ಬಾತ ಮಂಡಿಯನ್ನು ಐಸಿಗಾಗಿ ನನ್ನ ಮುಂದೆ ಚಾಚಿದ. ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ನನಗೆ ಎಲ್ಲಿಲ್ಲದ ಸಿಟ್ಟು. "ಏರ್‌ಪೋರ್ಟಿಗೆ ಹೋಗಿದ್ರಲ್ಲ?"

"ಹೋಗಿದ್ದೆ."

"ಟಿಕೆಟ್ಟು?"

"ಇತ್ತು."

"ನನಗೆ ಕೊಟ್ಟ ಮಾತು?"

"ಅದೂ ನೆನಪಿತ್ತು."

"ಮತ್ತೆ?"

ಅವನು ತಪ್ಪು ಮಾಡಿದ ಮಗುವಿನ ಹಾಗೆ ತನ್ನ ಹೊಸ ಬೂಟು ನೋಡಿಕೊಂಡ. "ಫ್ಲೈಟು ಮೂರು ಗಂಟೆ ಲೇಟು ಅಂದ್ರು," ಅಂದ. "ನೀವೇ ಹೇಳಿ, ಅಷ್ಟು ಹೊತ್ತು ಸುಮ್ಮನೆ ಕೂತಿರೋಕಾಗುತ್ತಾ?"